ಹೊಸ ಬರಹ ತಾನಾಗೇ ನನ್ನ ಪ್ರೊಫೈಲ್‌ಗೆ ಹೋಗಬೇಕು, ಏನು ಮಾಡಲಿ?

ಪ್ರಶ್ನೆ: ಬ್ಲಾಗ್‌ನಲ್ಲಿ ಹೊಸ ಬರಹ ಹಾಕಿದ ಕೂಡಲೇ ಅದು ಫೇಸ್‌ಬುಕ್, ಲಿಂಕ್ಡ್‌ಇನ್ ಎಲ್ಲ ಕಡೆ ತಾನಾಗೇ ಶೇರ್ ಆಗುವಂತೆ ಮಾಡಬಹುದಾ? ಫೇಸ್‌ಬುಕ್‌ನಲ್ಲಿ ಪೇಜ್ ಬೇಡ, ನನ್ನ ಸ್ವಂತ ಪ್ರೊಫೈಲ್‌ಗೇ ಹೋಗಬೇಕು.

ತಾನಾಗೇ ಶೇರ್ ಆಗುವಂತೆ ಖಂಡಿತ ಮಾಡಬಹುದು. ಆದರೆ ಫೇಸ್‌ಬುಕ್‌ನ ಸ್ವಂತ ಪ್ರೊಫೈಲ್‌ಗೆ ಆಗುವುದಿಲ್ಲ. ಈ ಮಾತನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಇವತ್ತು ಪೂರ್ತಿ ಬಿಡಿಸಿ ಹೇಳುತ್ತೇನೆ.

ಮೊದಲು ಸುಲಭದ ಭಾಗ. ನಿಮ್ಮ ಬ್ಲಾಗ್ ವರ್ಡ್‌ಪ್ರೆಸ್‌ನಲ್ಲಿದ್ದರೆ ಜೆಟ್‌ಪ್ಯಾಕ್‌ನಂಥ ಪ್ಲಗಿನ್ (ಬ್ಲಾಗ್‌ಗೆ ಸೇರಿಸುವ ಚಿಕ್ಕ ಪ್ರೋಗ್ರಾಂ) ಹಾಕಿ, ಖಾತೆಗಳನ್ನು ಒಮ್ಮೆ ಜೋಡಿಸಿದರೆ ಸಾಕು. ಪಬ್ಲಿಶ್ ಒತ್ತಿದಾಗ ಲಿಂಕ್ ಹೊರಟುಬಿಡುತ್ತದೆ. ಬ್ಲಾಗರ್‌ನಂಥ ಕಡೆ ಆರ್‌ಎಸ್‌ಎಸ್ ಫೀಡ್, ಅಂದರೆ ಬೇರೆ ಪ್ರೋಗ್ರಾಂಗಳು ಓದಲೆಂದೇ ಇರುವ ಬರಹಗಳ ಪಟ್ಟಿ, ಇದ್ದೇ ಇರುತ್ತದೆ, ನೀವು ಯಾವತ್ತೂ ನೋಡಿರಲಿಕ್ಕಿಲ್ಲ ಅಷ್ಟೆ. ಅದರಲ್ಲಿ ಪ್ರತಿ ಬರಹಕ್ಕೂ ಶೀರ್ಷಿಕೆ, ಲಿಂಕ್, ತಾರೀಖು, ಜೊತೆಗೊಂದು ಗುರುತು ಇರುತ್ತದೆ. ಝೇಪಿಯರ್‌ನಂಥ ಸೇವೆಗಳು ಆಗಾಗ ಬಂದು ಆ ಫೀಡ್ ನೋಡುತ್ತವೆ. ಹಿಂದೆ ಕಾಣದ ಗುರುತು ಕಂಡರೆ ಹೊಸ ಬರಹ ಬಂತು ಅಂತ ತಿಳಿದು ಶೇರ್ ಮಾಡುತ್ತವೆ. ನೀವು ಪಬ್ಲಿಶ್ ಮಾಡಿದ ಎಷ್ಟೋ ನಿಮಿಷದ ಮೇಲೆ ಪೋಸ್ಟ್ ಕಾಣಿಸುವುದು ಇದಕ್ಕೇ. ಏನೂ ಕೆಟ್ಟಿಲ್ಲ, ಕಾಯಿರಿ.

ಈಗ ಪ್ರೊಫೈಲ್ ವಿಷಯ. ಎಲ್ಲೋ ಒಂದು ಸೆಟ್ಟಿಂಗ್ ಅಡಗಿದೆ, ಅದು ಸಿಕ್ಕರೆ ಕೆಲಸ ಆಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ನಂಬಲು ಕಾರಣವೂ ಇದೆ. ಒಂದು ಕಾಲಕ್ಕೆ ಇದು ನಿಜವಾಗಿಯೂ ಆಗುತ್ತಿತ್ತು. ಹೊರಗಿನ ಆ್ಯಪ್‌ಗಳು ನಿಮ್ಮ ಒಪ್ಪಿಗೆ ಪಡೆದು ನಿಮ್ಮ ಗೋಡೆಯ ಮೇಲೆ ಬರೆಯಬಹುದಿತ್ತು. 2018ರ ಆಗಸ್ಟ್ 1ರಿಂದ ಫೇಸ್‌ಬುಕ್ ಆ ಬಾಗಿಲನ್ನೇ ಮುಚ್ಚಿತು. ಅಂದಿನಿಂದ ಆ್ಯಪ್‌ಗಳಿಗೆ ಪೇಜ್ ಮತ್ತು ಗ್ರೂಪ್ ಮಾತ್ರ ಉಳಿದವು. 2024ರಲ್ಲಿ ಗ್ರೂಪ್ ಕೂಡ ಹೋಯಿತು. ಆದರೆ ಹಳೆಯ ವಿಡಿಯೊಗಳು, ಹಂತ ಹಂತವಾಗಿ ಚಿತ್ರ ಹಾಕಿ ವಿವರಿಸಿದ ಲೇಖನಗಳು ಹಾಗೇ ಉಳಿದಿವೆ. ಅವನ್ನು ನೋಡಿಕೊಂಡು ಇಲ್ಲದ ಬಟನ್ ಹುಡುಕುತ್ತಾ ಕೂತರೆ ಸಿಗುವುದಾದರೂ ಹೇಗೆ?

ಆಮೇಲೆ ಬರುವ ಮಾತು: "ನನ್ನ ಸ್ನೇಹಿತನದ್ದು ಹೋಗುತ್ತಲ್ಲ!" ಅವರ ಹೆಸರಿನ ಮೇಲೆ ಒತ್ತಿ ನೋಡಿ. ಫೋಟೊ ಅವರದೇ, ಹೆಸರೂ ಅವರದೇ, ಆದರೆ ಅದು ಪೇಜ್ ಆಗಿರುತ್ತದೆ. ಪೇಜ್‌ಗೆ ನಿಮ್ಮದೇ ಹೆಸರಿಡಲು ಯಾರ ಅಡ್ಡಿಯೂ ಇಲ್ಲ. ಪೇಜ್‌ನಲ್ಲಿ ಬಂದ ಪೋಸ್ಟನ್ನು ನಿಮ್ಮ ಪ್ರೊಫೈಲ್‌ಗೆ ನೀವೇ ಶೇರ್ ಮಾಡಿ. ಅದು ಎರಡು ಕ್ಲಿಕ್ಕಿನ ಕೆಲಸ.

ಇನ್ನೊಂದು ದಾರಿ ಇದೆ, ಅದಕ್ಕೆ ಮಾತ್ರ ಹೋಗಬೇಡಿ. "ಪ್ರೊಫೈಲ್‌ಗೂ ಹಾಕಿಕೊಡುತ್ತೇವೆ, ಪಾಸ್‌ವರ್ಡ್ ಕೊಡಿ" ಅನ್ನುವ ಪ್ರೋಗ್ರಾಂಗಳಿವೆ. ಅವು ಮಾಡುವುದು ನಿಮ್ಮ ಹೆಸರಲ್ಲಿ ಲಾಗಿನ್ ಆಗಿ ನೀವೇ ಒತ್ತಿದಂತೆ ಬಟನ್ ಒತ್ತುವ ಕೆಲಸ. ಫೇಸ್‌ಬುಕ್ ಪತ್ತೆ ಹಚ್ಚಿದರೆ ಖಾತೆಗೇ ಬೀಗ ಬೀಳಬಹುದು. ಸರಿಯಾದ ಸೇವೆ ಯಾವತ್ತೂ ಪಾಸ್‌ವರ್ಡ್ ಕೇಳುವುದಿಲ್ಲ. ಅದು ನಿಮ್ಮನ್ನು ಫೇಸ್‌ಬುಕ್‌ನ ಪುಟಕ್ಕೇ ಕಳಿಸಿ, ಅಲ್ಲಿ ಒಪ್ಪಿಗೆ ಪಡೆಯುತ್ತದೆ. ಈ ವ್ಯತ್ಯಾಸ ದಯವಿಟ್ಟು ನೆನಪಿಟ್ಟುಕೊಳ್ಳಿ.

ಎಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಟ್ವಿಟರ್ ಆಗಿದ್ದ 2023ರಲ್ಲಿ ಅದು ಹೊರಗಿನ ಸೇವೆಗಳಿಂದ ದೊಡ್ಡ ಮೊತ್ತ ಕೇಳಲು ಶುರು ಮಾಡಿತು. ಜೆಟ್‌ಪ್ಯಾಕ್ ಅದೇ ವರ್ಷ ಅಲ್ಲಿಗೆ ಕಳಿಸುವುದನ್ನು ನಿಲ್ಲಿಸಿತು.

ನೀವು ಕೇಳಲಿಲ್ಲ, ಆದರೂ ಚಿತ್ರದ ವಿಷಯ ಹೇಳಲೇಬೇಕು. ಲಿಂಕ್ ಜೊತೆ ಬರುವ ಚಿತ್ರವನ್ನು ಯಾರು ಆರಿಸುತ್ತಾರೆ ಗೊತ್ತಾ? ನಿಮ್ಮ ಬ್ಲಾಗ್ ಪುಟದ ಒಳಗೆ, ಓದುಗರಿಗೆ ಕಾಣದ ಕಡೆ, "ಓಜಿ ಇಮೇಜ್" ಅನ್ನುವ ಒಂದು ಸಾಲು ಇರುತ್ತದೆ. ಅದು ಓಪನ್ ಗ್ರಾಫ್ ಅನ್ನುವ ಪದ್ಧತಿ, 2010ರಲ್ಲಿ ಫೇಸ್‌ಬುಕ್ ತಂದದ್ದು. ಅಲ್ಲಿ ಯಾವ ಚಿತ್ರದ ವಿಳಾಸ ಇದೆಯೋ ಅದೇ ಬರುತ್ತದೆ. ಸಾಲೇ ಇಲ್ಲದಿದ್ದರೆ ಪುಟದಲ್ಲಿ ಸಿಕ್ಕ ಯಾವುದೋ ಚಿತ್ರ, ಎಷ್ಟೋ ಸಲ ಬರೀ ಲೋಗೊ.

ಫೇಸ್‌ಬುಕ್ ಲಿಂಕನ್ನು ಮೊದಲ ಸಲ ನೋಡಿದಾಗ ಸಿಕ್ಕ ಚಿತ್ರವನ್ನು ತನ್ನಲ್ಲಿ ಉಳಿಸಿಕೊಳ್ಳುತ್ತದೆ. ಕೈಯಿಂದ ಶೇರ್ ಮಾಡುವವರಿಗೆ ಅಷ್ಟರೊಳಗೆ ಚಿತ್ರ ಸರಿಮಾಡಲು ಸಮಯ ಇರುತ್ತದೆ. ತಾನಾಗೇ ಶೇರ್ ಆಗುವಾಗ ಪಬ್ಲಿಶ್ ಒತ್ತಿದ ಹೊತ್ತೇ, ಇಲ್ಲವೇ ಫೀಡ್ ನೋಡಿದ ಹೊತ್ತೇ, ಆ ಮೊದಲ ನೋಟ. ಹಾಗಾಗಿ ಚಿತ್ರ ಮೊದಲೇ ಹಾಕಿರಿ, 1200 ಅಗಲ, 630 ಎತ್ತರ ಪಿಕ್ಸೆಲ್ ಇದ್ದರೆ ಚೆನ್ನ. ಮರೆತು ಹಳೆಯದೇ ಬಂದರೆ, ಫೇಸ್‌ಬುಕ್‌ನ ಶೇರಿಂಗ್ ಡಿಬಗ್ಗರ್‌ನಲ್ಲಿ ಲಿಂಕ್ ಹಾಕಿ "ಸ್ಕ್ರೇಪ್ ಅಗೇನ್" ಒತ್ತಿ. ಲಿಂಕ್ಡ್‌ಇನ್‌ನಲ್ಲೂ ಇಂಥದ್ದೇ ಒಂದಿದೆ, ಪೋಸ್ಟ್ ಇನ್‌ಸ್ಪೆಕ್ಟರ್ ಅಂತ.