ಭರವಸೆ: ಒಬ್ಬರಿಗಾಗಿ ಇನ್ನೊಬ್ಬರೂ ಇಡಬಹುದಾದ ಸದ್ಗುಣ

ಧರ್ಮೋಪದೇಶದ ತರಗತಿಯಲ್ಲಿ ಮಕ್ಕಳು ಬಾಯಿಪಾಠ ಮಾಡುವ ಮೂರು ದೈವಿಕ ಸದ್ಗುಣಗಳಿವೆ: ವಿಶ್ವಾಸ, ಭರವಸೆ, ಪ್ರೀತಿ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೇ ಅಧ್ಯಾಯದ ಕೊನೆಯಲ್ಲಿ ಈ ಮೂರೂ ಒಟ್ಟಿಗೆ ಬರುತ್ತವೆ. ವಿಶ್ವಾಸದ ಬಗ್ಗೆ ಪ್ರತಿ ಭಾನುವಾರ ಏನಾದರೂ ಕೇಳುತ್ತೇವೆ. ಪ್ರೀತಿಯ ಬಗ್ಗೆ ಮದುವೆ ಪೂಜೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ನಡುವಿನ ಭರವಸೆ ಮಾತ್ರ ಹೆಸರಿಗಷ್ಟೇ ಉಳಿದುಬಿಡುತ್ತದೆ. 'ಎಲ್ಲಾ ಒಳ್ಳೇದಾಗುತ್ತೆ ಬಿಡಿ' ಅನ್ನುವ ಸಮಾಧಾನವೇ ಭರವಸೆ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿದ್ದಾರೆ. ಧರ್ಮಸಭೆ ಹೇಳುವುದು ಬೇರೆ.

ಕಥೋಲಿಕ ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 1817ನೇ ಅಂಶದಲ್ಲಿ ಇದರ ಅರ್ಥವಿದೆ. ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಹೀಗೆ: ದೇವರ ರಾಜ್ಯ, ನಿತ್ಯಜೀವ ಇವೇ ನಮ್ಮ ನಿಜವಾದ ಸುಖ ಎಂದು ಬಯಸುವುದು. ಆ ಬಯಕೆಗೆ ಕ್ರಿಸ್ತ ಕೊಟ್ಟ ಮಾತನ್ನು ಆಧಾರ ಮಾಡಿಕೊಳ್ಳುವುದು. ನಮ್ಮ ಶಕ್ತಿಯನ್ನು ನೆಚ್ಚದೆ ಪವಿತ್ರಾತ್ಮರ ಕೃಪೆಯನ್ನು ನೆಚ್ಚುವುದು. ಹಾಗಾಗಿ ಇದು ಸ್ವಭಾವಕ್ಕೆ ಸೇರಿದ ವಿಷಯವಲ್ಲ. ಕೆಲವರು ಯಾವಾಗಲೂ ನಗುನಗುತ್ತಾ ಇರುತ್ತಾರೆ, ಕೆಲವರಿಗೆ ಬೇಗ ಚಿಂತೆ ಹತ್ತುತ್ತದೆ. ಇಬ್ಬರಿಗೂ ಭರವಸೆ ದೇವರ ಕಡೆಯಿಂದಲೇ ಬರಬೇಕು. ರಾತ್ರಿ ನಿದ್ದೆ ಬಾರದೆ ಹೊರಳಾಡುವವರಲ್ಲೂ ಗಟ್ಟಿಯಾದ ಭರವಸೆ ಇರಬಹುದು.

13ನೇ ಶತಮಾನದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸ್ ಇದನ್ನು ಇನ್ನೂ ಬಿಡಿಸಿ ಹೇಳುತ್ತಾರೆ. ನಾವು ಯಾವುದರ ಮೇಲೆ ಭರವಸೆ ಇಡುತ್ತೇವೋ ಅದು ಒಳ್ಳೆಯದಾಗಿರಬೇಕು. ಇನ್ನೂ ಕೈಗೆ ಬಂದಿರಬಾರದು. ಪಡೆಯುವುದು ಕಷ್ಟವಾಗಿರಬೇಕು, ಆದರೆ ಅಸಾಧ್ಯವಾಗಿರಬಾರದು. ಅವರು 'ಕಷ್ಟ' ಅನ್ನುವುದನ್ನು ಸೇರಿಸಿದ್ದಾರಲ್ಲ, ನನಗೆ ಅದೇ ಮುಖ್ಯ ಅನಿಸುತ್ತದೆ. ಕಷ್ಟವೇ ಇಲ್ಲ ಅನ್ನುವವರಿಗೆ ಈ ಸದ್ಗುಣದ ಅಗತ್ಯ ಬೀಳುವುದಿಲ್ಲ. ಕಷ್ಟ ಇದೆ ಅಂತ ಬಾಯಿಬಿಟ್ಟು ಹೇಳಿದ ಮೇಲೆಯೇ ಇದರ ಕೆಲಸ ಶುರುವಾಗುವುದು.

ಚಿತ್ರದುರ್ಗದ ಕಡೆಯವರಿಗೆ ಕಾಯುವುದು ಏನೆಂದು ಬೇರೆ ಹೇಳಬೇಕಿಲ್ಲ. ಹಿರಿಯೂರಿನ ವಾಣಿವಿಲಾಸ ಸಾಗರ ಅಣೆಕಟ್ಟು, ಹಳಬರ ಬಾಯಲ್ಲಿ ಮಾರಿಕಣಿವೆ, ಕಟ್ಟಿ ಮುಗಿದದ್ದು 1907ರಲ್ಲಿ. 1933ರಲ್ಲಿ ಒಮ್ಮೆ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಎಷ್ಟೋ ಜನ ಆ ನೀರು ಹರಿಯುವುದನ್ನು ನೋಡದೆಯೇ ಕಣ್ಣು ಮುಚ್ಚಿದರು. ನಮ್ಮ ಭರವಸೆಯೂ ಕಣ್ಣೆದುರು ನಡೆಯಬೇಕಾದ ಯಾವುದೋ ಒಂದು ಘಟನೆಯ ಮೇಲೆ ಮಾತ್ರ ನಿಂತಿದ್ದರೆ, ಅದು ನಡೆಯದೆ ಹೋದ ದಿನ ನಾವೂ ಕುಸಿಯುತ್ತೇವೆ. ಹಿಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ಅಬ್ರಹಾಮ, ಸಾರಾ ಮೊದಲಾದವರ ಬಗ್ಗೆ ಹೇಳುವಾಗ ಒಂದು ಮಾತು ಬರುತ್ತದೆ. ಅವರು ದೇವರು ಹೇಳಿದ್ದನ್ನು ಕೈಯಲ್ಲಿ ಪಡೆಯದೆಯೇ ತೀರಿಕೊಂಡರು, ಆದರೆ ಅದನ್ನು ದೂರದಿಂದಲೇ ಕಂಡು ಸಂತೋಷಪಟ್ಟರು ಎಂದು. ಕ್ರೈಸ್ತ ಭರವಸೆಯ ಅಳತೆ ಅಷ್ಟು ಉದ್ದ. ಸಾವು ಬಂದರೂ ಅದು ತುಂಡಾಗುವುದಿಲ್ಲ.

ಹಾಗಂತ ಈ ಲೋಕದ ಒಳ್ಳೆಯದನ್ನು ಕೇಳಬಾರದು ಅಂತಲ್ಲ. ತುಂಗಭದ್ರಾ ತೀರದ ಹರಿಹರದಲ್ಲಿ ಆರೋಗ್ಯ ಮಾತೆಯ ಬಸಿಲಿಕ, ಅಂದರೆ ಪೋಪರಿಂದ ವಿಶೇಷ ಗೌರವ ಪಡೆದ ಚರ್ಚು, ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಬರುವವರ ಕೈಯಲ್ಲಿ ಹೂವು, ಮೇಣದಬತ್ತಿ. ಮನಸ್ಸಿನಲ್ಲಿ ಮಗಳ ಮದುವೆ, ಗಂಡನ ಕುಡಿತ, ಮೊಮ್ಮಗನ ಜ್ವರ. ಕ್ರೈಸ್ತರಲ್ಲದವರೂ ಬರುತ್ತಾರೆ. ಇದನ್ನೆಲ್ಲ ಕೀಳಾಗಿ ನೋಡುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ದಿನದ ಅನ್ನ ಕೊಡಿ ಅಂತ ಕೇಳಲು ಯೇಸುವೇ ಕಲಿಸಿದ್ದಾರಲ್ವಾ? ಅಕ್ವಿನಾಸರೂ ಬೇರೆ ಒಳ್ಳೆಯದನ್ನು ಕೇಳಬೇಡಿ ಅನ್ನುವುದಿಲ್ಲ. ನಿತ್ಯಜೀವವನ್ನು ಮೊದಲಿಟ್ಟು, ಅದರ ಜೊತೆಗೆ ಸೇರಿಸಿ ಕೇಳಿ ಅನ್ನುತ್ತಾರೆ. ಅದೇ ಪ್ರಭುವಿನ ಪ್ರಾರ್ಥನೆಯಲ್ಲೂ 'ನಿಮ್ಮ ರಾಜ್ಯ ಬರಲಿ' ಮೊದಲು, ಅನ್ನ ಆಮೇಲೆ.

ತೊಂದರೆ ಆಗುವುದು ಬೇರೆ ಕಡೆ. 'ನೀವು ಸರಿಯಾಗಿ ಪ್ರಾರ್ಥನೆ ಮಾಡಿದ್ದರೆ ವಾಸಿಯಾಗಬೇಕಿತ್ತು' ಅಂತ ಕಾಯಿಲೆಯವರ ಮುಂದೆ ಹೇಳುವವರಿದ್ದಾರೆ. ಕ್ಯಾನ್ಸರ್ ಆಗಿರುವ ತಾಯಿಗೆ ಇದಕ್ಕಿಂತ ದೊಡ್ಡ ಹೊರೆ ಯಾವುದು? ಇದ್ದ ನೋವಿನ ಮೇಲೆ ಅಪರಾಧದ ಭಾವವೂ ಬಂದು ಕೂರುತ್ತದೆ. ದೇವರು ಇಂಥ ದಿನ, ಇಂಥ ರೀತಿ ಇದನ್ನು ಮಾಡಿಯೇ ತೀರುತ್ತಾರೆ ಅಂತ ದೇವರ ಪರವಾಗಿ ನಾವೇ ತಾರೀಖು ಕೊಡುವುದು ಭರವಸೆಯಲ್ಲ. ಧರ್ಮೋಪದೇಶ ಗ್ರಂಥ ಭರವಸೆಗೆ ವಿರುದ್ಧವಾದ ಎರಡು ಪಾಪಗಳನ್ನು ಹೆಸರಿಸುತ್ತದೆ. ಒಂದು ನಿರಾಶೆ: ದೇವರು ನನ್ನನ್ನು ಕ್ಷಮಿಸುವುದಿಲ್ಲ, ಕೈಹಿಡಿಯುವುದಿಲ್ಲ ಅಂತ ತೀರ್ಮಾನ ಮಾಡಿಬಿಡುವುದು. ಇನ್ನೊಂದು ಅತಿಯಾದ ಧೈರ್ಯ: ದೇವರ ಸಹಾಯವೇ ಬೇಡ, ನಾನೇ ಸಾಕು ಅನ್ನುವುದು. ಅಥವಾ ನಾನು ಮನಸ್ಸು ತಿರುಗಿಸದಿದ್ದರೂ ದೇವರು ಹೇಗೂ ಕ್ಷಮಿಸುತ್ತಾರೆ ಅಂತ ಸುಮ್ನೆ ಕೂರುವುದು.

ಇಲ್ಲಿ ಒಂದು ವಿಷಯವನ್ನು ಬೇರೆ ಮಾಡಿ ಹೇಳಲೇಬೇಕು. ಖಿನ್ನತೆ ಬಂದವರನ್ನು 'ನಿರಾಶೆಯ ಪಾಪಕ್ಕೆ ಬಿದ್ದಿದ್ದೀರಿ' ಅನ್ನುವುದು ಶುದ್ಧ ತಪ್ಪು. ಅದು ಕಾಯಿಲೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರನ್ನು ನಾವು ವಿಶ್ವಾಸ ಕಡಿಮೆ ಅನ್ನುತ್ತೇವಾ? ದಾವಣಗೆರೆ ಮೆಡಿಕಲ್ ಕಾಲೇಜುಗಳ ಊರು, ಕೋಚಿಂಗ್ ಸೆಂಟರ್‌ಗಳ ಊರು. ನೀಟ್ ಫಲಿತಾಂಶ ಬಂದ ವಾರ ನಮ್ಮ ಹುಡುಗ ಹುಡುಗಿಯರು ಎಂಥ ಒತ್ತಡದಲ್ಲಿ ಇರುತ್ತಾರೆ ಅನ್ನುವುದು ಪ್ರತಿ ಮನೆಗೂ ಗೊತ್ತು. ಬದುಕೇ ಬೇಡ ಅನ್ನುವ ಮಾತು ಮಗುವಿನ ಬಾಯಿಂದ ಬಂದರೆ ಜಪಸರವೂ ಇರಲಿ, ಡಾಕ್ಟರೂ ಇರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ಈ ಸಂಖ್ಯೆ ಚರ್ಚಿನ ನೋಟೀಸ್ ಬೋರ್ಡಿನಲ್ಲಿ ಪೂಜೆಯ ವೇಳಾಪಟ್ಟಿಯ ಪಕ್ಕದಲ್ಲೇ ಇರಬೇಕು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ದಿನನಿತ್ಯದ ಧರ್ಮಕೇಂದ್ರದಲ್ಲಿ, ಅಂದರೆ ನಮ್ಮ ಊರಿನ ಚರ್ಚಿನ ಬಳಗದಲ್ಲಿ, ಭರವಸೆ ಹೇಗೆ ಕಾಣುತ್ತದೆ ಅನ್ನುವ ಪ್ರಶ್ನೆ. ಸಂತ ಲೂಕರ ಶುಭಸಂದೇಶದ 24ನೇ ಅಧ್ಯಾಯದಲ್ಲಿ ಯೇಸು ಶಿಲುಬೆಯ ಮೇಲೆ ಸತ್ತ ಬಳಿಕ ಎಮ್ಮಾವುಸ್ ಎಂಬ ಹಳ್ಳಿಗೆ ಹೊರಟ ಇಬ್ಬರು ಶಿಷ್ಯರಿದ್ದಾರೆ. ಇಸ್ರಯೇಲನ್ನು ಬಿಡಿಸುವವನು ಇವನೇ ಅಂತ ನಾವು ಭರವಸೆ ಇಟ್ಟುಕೊಂಡಿದ್ದೆವು ಅಂತ ಅವರು ಹೇಳುತ್ತಾರೆ. ಇಟ್ಟುಕೊಂಡಿದ್ದೆವು, ಈಗಿಲ್ಲ. ಸಾವಿನಿಂದ ಎದ್ದುಬಂದ ಯೇಸು ಅವರನ್ನು ಗದರುವುದು ಆಮೇಲೆ. ಮೊದಲು ಜೊತೆಗೆ ನಡೆಯುತ್ತಾರೆ, ಏನು ಮಾತಾಡುತ್ತಿದ್ದೀರಿ ಅಂತ ಕೇಳುತ್ತಾರೆ, ಅವರ ಕಥೆಯನ್ನು ಪೂರ್ತಿ ಹೇಳಲು ಬಿಡುತ್ತಾರೆ. ಈ ಕ್ರಮವನ್ನು ನಾವು ಕಲಿತರೆ ಸಾಕು. ಸಾವಿನ ಮನೆಗೆ ಹೋದಾಗ ನಾವು ಮಾಡುವುದು ತಿರುಗುಮುರುಗು. ಕಾಲಿಟ್ಟ ತಕ್ಷಣ 'ದೇವರ ಚಿತ್ತ' ಅಂದುಬಿಡುತ್ತೇವೆ. ಆ ಮಾತು ಸುಳ್ಳಲ್ಲ, ಆದರೆ ಆ ಹೊತ್ತಿಗೆ ಅದು ಬಾಗಿಲು ಮುಚ್ಚುತ್ತದೆ. 'ಅಕ್ಕಾ, ಕೂತ್ಕೊಳ್ಳಿ, ಏನಾಯ್ತು ಹೇಳಿ' ಅಂದರೆ ಬಾಗಿಲು ತೆರೆಯುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಹತ್ತಿರವಾದ ಅಂಶಕ್ಕೆ ಈಗ ಬರುತ್ತೇನೆ. ಒಬ್ಬರ ನಿತ್ಯಜೀವಕ್ಕಾಗಿ ಇನ್ನೊಬ್ಬರು ಭರವಸೆ ಇಡಬಹುದೇ? ಈ ಪ್ರಶ್ನೆಯನ್ನು ಅಕ್ವಿನಾಸರು ನೇರವಾಗಿ ಎತ್ತಿಕೊಳ್ಳುತ್ತಾರೆ. ಅವರಿಗಿಂತ ಮೊದಲು ಸಂತ ಅಗಸ್ಟೀನರು, ಭರವಸೆ ಅನ್ನುವುದು ಅದನ್ನು ಇಟ್ಟವರಿಗೇ ಸೇರಬೇಕಾದ ಒಳಿತಿನ ಬಗ್ಗೆ ಇರುತ್ತದೆ ಅಂದಿದ್ದರು. ಅಕ್ವಿನಾಸರು ಅದನ್ನು ಒಪ್ಪುತ್ತಾರೆ, ಒಪ್ಪಿ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪ್ರೀತಿ ಇಬ್ಬರನ್ನು ಒಂದು ಮಾಡಿದ್ದರೆ, ಆಗ ಅವರ ಒಳಿತು ನನ್ನದೇ ಒಳಿತು. ಆದ್ದರಿಂದ ಅವರಿಗಾಗಿ ನಾನು ಭರವಸೆ ಇಡಬಲ್ಲೆ. 2007ರಲ್ಲಿ ಪೋಪ್ 16ನೇ ಬೆನೆಡಿಕ್ಟ್ ಭರವಸೆಯ ಬಗ್ಗೆ ಇಡೀ ಧರ್ಮಸಭೆಗೆ ಬರೆದ ವಿಶ್ವಪತ್ರದಲ್ಲೂ ಇದೇ ಮಾತಿದೆ: ನಮ್ಮ ಭರವಸೆ ಯಾವಾಗಲೂ ಬೇರೆಯವರಿಗಾಗಿಯೂ ಇರುವ ಭರವಸೆ, ಹಾಗಿದ್ದರೆ ಮಾತ್ರ ಅದು ನನಗೂ ನಿಜವಾದ ಭರವಸೆ.

ಅದೇ ಪತ್ರದಲ್ಲಿ ಅವರು ಸಂತ ಜೋಸೆಫೀನ್ ಬಖೀತಾ ಅವರ ಬದುಕನ್ನು ನೆನೆಯುತ್ತಾರೆ. ಸುಡಾನಿನ ದಾರ್ಫುರದಲ್ಲಿ ಹುಟ್ಟಿದ ಈ ಹುಡುಗಿಯನ್ನು ಚಿಕ್ಕ ವಯಸ್ಸಿನಲ್ಲೇ ಕದ್ದೊಯ್ದು ಗುಲಾಮಳನ್ನಾಗಿ ಮಾರಿದರು. ಒಮ್ಮೆಯಲ್ಲ, ಐದು ಸಲ. ಚಾಟಿ ಏಟಿನ ಗುರುತುಗಳು ಅವರ ಮೈಮೇಲೆ ಕೊನೆಯವರೆಗೂ ಉಳಿದವು. ಇಟಲಿಗೆ ಬಂದ ಮೇಲೆ ಅವರಿಗೆ ಒಬ್ಬ ಹೊಸ ಯಜಮಾನನ, ಅಂದರೆ ಕ್ರಿಸ್ತನ, ಪರಿಚಯವಾಯಿತು. ಆತನೂ ಏಟು ತಿಂದವನು, ಆತ ತನ್ನನ್ನು ಬಲ್ಲ, ತನಗಾಗಿ ಕಾಯುತ್ತಿದ್ದಾನೆ ಅಂತ ಅವರಿಗೆ ತಿಳಿಯಿತು. 1890ರಲ್ಲಿ ಸ್ನಾನದೀಕ್ಷೆ ಪಡೆದು ಮುಂದೆ ಕನ್ಯಾಸ್ತ್ರೀಯಾದರು. ತನಗೆ ಸಿಕ್ಕ ಭರವಸೆಯನ್ನು ತನ್ನೊಳಗೇ ಇಟ್ಟುಕೊಳ್ಳಲು ಅವರಿಂದ ಆಗಲಿಲ್ಲ. ಅದು ಎಲ್ಲರಿಗೂ ತಲುಪಬೇಕು ಅನ್ನುವುದೇ ಅವರ ಆಸೆಯಾಗಿತ್ತು.

ಧರ್ಮಕೇಂದ್ರ ಇರುವುದೂ ಇದಕ್ಕಾಗಿಯೇ ಅಂತ ನಾನು ನಂಬುತ್ತೇನೆ. ನನ್ನ ಭರವಸೆ ಬತ್ತಿದ ದಿನ ನನ್ನ ಪಾಲಿನದನ್ನು ಹೊರುವವರು ಬೇಕು. ಸಂತ ಮಾರ್ಕರ ಶುಭಸಂದೇಶದಲ್ಲಿ ಪಾರ್ಶ್ವವಾಯು ಆದವನನ್ನು ನಾಲ್ವರು ಹೊತ್ತು ತಂದು, ಚಾವಣಿ ತೆಗೆದು ಇಳಿಸುತ್ತಾರಲ್ಲ, ಅಲ್ಲಿ ಯೇಸು ಕಂಡದ್ದು 'ಅವರ' ವಿಶ್ವಾಸವನ್ನು. ಹಾಸಿಗೆಯಲ್ಲಿದ್ದವನು ಒಂದು ಮಾತೂ ಆಡಿದ ಹಾಗೆ ಕಾಣುವುದಿಲ್ಲ.

ನಮ್ಮ ಕಡೆ ಇದು ದೊಡ್ಡ ಗದ್ದಲವಿಲ್ಲದೆ ನಡೆಯುತ್ತದೆ. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳು 1988ರಲ್ಲಿ ಆದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪರ ಆಡಳಿತದ ವ್ಯಾಪ್ತಿಗೆ, ಸೇರಿವೆ. ಕ್ರೈಸ್ತರು ಕಡಿಮೆ, ಮನೆಗಳು ದೂರ ದೂರ. ಒಂದೇ ಚರ್ಚಿನಲ್ಲಿ ಮನೆಮಾತು ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಆಗಿರುವವರು ಒಟ್ಟಿಗೆ ಕೂರುತ್ತಾರೆ. ಮಕ್ಕಳು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಒಬ್ಬರೇ ಉಳಿದ ಅಜ್ಜಿಯನ್ನು ಭಾನುವಾರ ಬೈಕಿನಲ್ಲಿ ಕರೆತರುವ ಹುಡುಗ ಭರವಸೆಯ ಕೆಲಸವನ್ನೇ ಮಾಡುತ್ತಿದ್ದಾನೆ. ತಿಂಗಳ ಪೂಜೆಯ ದಿನ, ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಮರಳಿದ ಮೇಲೂ, ತೀರಿಕೊಂಡವರ ಮನೆಯವರ ಪಕ್ಕ ಬಂದು ಕೂರುವವರು ಕೂಡ. ನವೆಂಬರ್ 2ರಂದು ಸಮಾಧಿ ತೊಳೆದು ಹೂವಿಟ್ಟು ಸತ್ತವರಿಗಾಗಿ ಪ್ರಾರ್ಥಿಸುತ್ತೇವೆ. ಇನ್ನೊಬ್ಬರಿಗಾಗಿ ಭರವಸೆ ಇಡಲು ಎಂದಿಗೂ ತಡವಾಗುವುದಿಲ್ಲ ಅನ್ನುವುದೇ ಅದರ ಅರ್ಥ. ಫೇಲಾದ ಹುಡುಗನ ವಿಷಯದಲ್ಲೂ ಅಷ್ಟೇ. 'ಈ ಸಲ ಆಗ್ಲಿಲ್ಲ ಬಿಡಪ್ಪಾ, ಬಾ, ಭಾನುವಾರ ಗಾಯನಕ್ಕೆ ನಿನ್ನ ಕೀಬೋರ್ಡ್ ಬೇಕು' ಅಂತ ಕರೆಯುವ ಹಿರಿಯರು ಅವನ ಅಂಕಪಟ್ಟಿಗಿಂತ ಅವನನ್ನು ದೊಡ್ಡವನಾಗಿ ನೋಡುತ್ತಿದ್ದಾರೆ.

ಪೋಪ್ ಫ್ರಾನ್ಸಿಸ್ 2025ನ್ನು ಜ್ಯೂಬಿಲಿ ವರ್ಷವೆಂದು, ಅಂದರೆ ಧರ್ಮಸಭೆಯ ವಿಶೇಷ ಪುಣ್ಯವರ್ಷವೆಂದು, ಸಾರಿ 'ಭರವಸೆಯ ಯಾತ್ರಿಕರು' ಅನ್ನುವ ಧ್ಯೇಯ ಕೊಟ್ಟಿದ್ದರು. ಕೈದಿಗಳು, ರೋಗಿಗಳು, ಯುವಜನರು, ವಲಸೆ ಬಂದವರು, ವೃದ್ಧರು, ಬಡವರು, ಇವರೆಲ್ಲರಿಗೂ ಕಣ್ಣಿಗೆ ಕಾಣುವ ಭರವಸೆಯ ಗುರುತುಗಳನ್ನು ಕೊಡಿ ಅಂತ ಕೇಳಿದ್ದರು. ಆ ವರ್ಷದ ನಡುವೆಯೇ, ಏಪ್ರಿಲ್ 21ರಂದು, ಅವರು ತೀರಿಕೊಂಡರು. ಜ್ಯೂಬಿಲಿಯೂ ಮುಗಿದಿದೆ, ಅವರು ಹೇಳಿದ ಆ ಜನ ಮಾತ್ರ ನಮ್ಮ ನಡುವೆ ಹಾಗೇ ಇದ್ದಾರೆ.

ರೋಗಿಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಉಳಿದಿರುವ ಒಂದು ಹೆದರಿಕೆಯನ್ನು ಹೇಳಬೇಕು. ಫಾದರ್ ರೋಗಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಸಂಸ್ಕಾರವಾದ ರೋಗಿಗಳ ಅಭ್ಯಂಗ ಅಂದರೆ ಕೊನೆ ಬಂತು ಅಂತಲೇ ತಿಳಿಯುವವರು ಇಂದಿಗೂ ಇದ್ದಾರೆ. 'ಫಾದರ್‌ನ ಕರೆಸಿದರೆ ಅಪ್ಪ ಹೆದರ್ಕೋತಾರೆ' ಅಂತ ಮುಂದೂಡುತ್ತಾರೆ. ಉಸಿರು ನಿಲ್ಲುವ ಹೊತ್ತಿಗೆ ಫೋನು ಹೋಗುತ್ತದೆ. ಲೋಕದ ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು ಸ್ಪಷ್ಟಪಡಿಸಿದೆ: ಈ ಸಂಸ್ಕಾರ ಸಾಯುವ ಗಳಿಗೆಯಲ್ಲಿರುವವರಿಗೆ ಮಾತ್ರ ಅಲ್ಲ. ಗಂಭೀರ ಕಾಯಿಲೆ ಬಂದವರು, ಅಂಥ ಕಾಯಿಲೆಗಾಗಿ ಆಪರೇಷನ್ ಆಗಬೇಕಿರುವವರು, ವಯಸ್ಸಾಗಿ ತೀರಾ ಶಕ್ತಿ ಕುಂದಿದವರು ಪಡೆಯಬಹುದು. ಕಾಯಿಲೆ ಜೋರಾದರೆ ಮತ್ತೊಮ್ಮೆಯೂ ಪಡೆಯಬಹುದು. ರೋಗಿ ಎಚ್ಚರವಾಗಿದ್ದು ಬಾಯಿಬಿಟ್ಟು ಪ್ರಾರ್ಥನೆಗೆ ದನಿಗೂಡಿಸುವ ಸ್ಥಿತಿಯಲ್ಲಿ ಇರುವಾಗ, ಮನೆಯವರೆಲ್ಲ ಸುತ್ತ ನಿಂತಿರುವಾಗ ಇದು ನಡೆದರೆ ಎಷ್ಟು ಚೆನ್ನ! ಆಪರೇಷನ್ ತಾರೀಖು ಗೊತ್ತಾದ ದಿನವೇ ಚರ್ಚಿನ ಆಫೀಸಿಗೆ ಫೋನ್ ಮಾಡಿ. ಫೋನ್ ಮಾಡಲು ಸಂಕೋಚವಿದ್ದರೆ ಚರ್ಚಿನ ನಿಮ್ಮ ವಾರ್ಡಿನ ಮುಂದಾಳಿಗೆ ಹೇಳಿ, ಅವರು ಫಾದರ್‌ಗೆ ತಿಳಿಸುತ್ತಾರೆ.