ರೇಟು ಕಡಿಮೆ ಮಾಡಿಲ್ಲ, ಆದರೂ ಟೈಲರ್‌ಗಳು ಯಾಕೆ ಬಿಟ್ಟು ಹೋಗುತ್ತಿದ್ದಾರೆ?

ಪ್ರಶ್ನೆ: ಬಳ್ಳಾರಿಯಲ್ಲಿ ನಮ್ಮದೊಂದು ಜೀನ್ಸ್ ಹೊಲಿಗೆ ಘಟಕ ಇದೆ. ಇಷ್ಟು ದಿನ ಒಂದು ಪ್ಯಾಂಟನ್ನು ಒಬ್ಬರೇ ಪೂರ್ತಿ ಹೊಲಿಯುತ್ತಿದ್ದರು. ಈಗ ಜೇಬು ಒಬ್ಬರು, ಬೆಲ್ಟ್ ಒಬ್ಬರು ಹೊಲಿಯುವ ಲೈನ್ ಪದ್ಧತಿ ತಂದಿದ್ದೇವೆ. ಪೀಸ್ ರೇಟಿನಲ್ಲಿ, ಅಂದರೆ ಹೊಲಿದ ಪೀಸಿಗೆ ಇಷ್ಟು ಎಂದು ಕೊಡುವ ಕೂಲಿಯಲ್ಲಿ, ಯಾರಿಗೂ ನಷ್ಟ ಇಲ್ಲ. ಆದರೂ ಹಳೇ ಟೈಲರ್‌ಗಳು ಮುನಿಸಿಕೊಂಡಿದ್ದಾರೆ, ಕೆಲವರು ಬಿಟ್ಟೂ ಹೋದರು. ಏನು ಮಾಡೋದು?

ಉತ್ತರ: 'ಯಾರಿಗೂ ನಷ್ಟ ಇಲ್ಲ' ಅನ್ನುತ್ತೀರಿ. ಆ ಲೆಕ್ಕ ಹಾಕಿದ್ದು ಯಾರು? ನೀವು, ಜಾಸ್ತಿ ಅಂದರೆ ನಿಮ್ಮ ಮೇಸ್ತ್ರಿ. ಟೈಲರ್‌ಗಳಿಗೆ ಗೊತ್ತಾಗಿದ್ದು ಕೊನೆಗೆ, ಅಲ್ವಾ? ಗಂಟು ಇರೋದು ಅಲ್ಲೇ.

ಇದಕ್ಕೆ ಹೊಲಿಗೆ ಕಾರ್ಖಾನೆಯಲ್ಲೇ ನಡೆದ ಒಂದು ಹಳೆಯ ಪ್ರಯೋಗ ಇದೆ. ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಊರಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆ ಇತ್ತು. ಅಲ್ಲೂ ಪೀಸ್ ರೇಟು. ಕೆಲಸದವರಲ್ಲಿ ಹೆಚ್ಚಿನವರು ಹೆಂಗಸರು. ಪ್ರಯೋಗ ನಡೆಸಿದ ಲೆಸ್ಟರ್ ಕಾಕ್ ಮತ್ತು ಜಾನ್ ಫ್ರೆಂಚ್ ಅಲ್ಲಿ ಕಂಡದ್ದನ್ನು 1948ರಲ್ಲಿ ಪ್ರಕಟಿಸಿದರು.

ಇಸ್ತ್ರಿ ಮಾಡುವ ಒಂದು ಗುಂಪು ಬಟ್ಟೆಯನ್ನು ಅರ್ಧ ಡಜನ್‌ನಂತೆ ರಟ್ಟಿನ ಮೇಲೆ ಜೋಡಿಸುತ್ತಿತ್ತು. ಇನ್ನು ಮೇಲೆ ಡಬ್ಬಿಯಲ್ಲಿ ಜೋಡಿಸಿ ಅಂದರು. ಬದಲಾವಣೆ ಅಷ್ಟೇ! ಡಜನ್‌ಗೆ ಎರಡು ನಿಮಿಷ ಹೆಚ್ಚಿಗೆ ಸಮಯವನ್ನೂ ಕೊಟ್ಟರು. ಆದರೆ ಎಲ್ಲ ತೀರ್ಮಾನ ಮಾಡಿದ ಮೇಲೆ ಕರೆದು ತಿಳಿಸಿದರು. ಉತ್ಪಾದನೆ ಬಿತ್ತು, ಮತ್ತೆ ಏಳಲಿಲ್ಲ. ಮೊದಲ 40 ದಿನಗಳಲ್ಲಿ 100ಕ್ಕೆ 17 ಮಂದಿ ಕೆಲಸ ಬಿಟ್ಟರು. ರೇಟು ಸರಿಯಿಲ್ಲ ಎಂದು ದೂರು ಬಂತು. ತಪಾಸಣೆ ಮಾಡಿದರೆ ರೇಟು ಕೆಲಸದವರಿಗೆ ಸ್ವಲ್ಪ ಅನುಕೂಲವಾಗೇ ಇತ್ತು! ನಿಮ್ಮ ಘಟಕದ ಕಥೆಯೂ ಇದೇ ಅಂತ ನನಗನಿಸುತ್ತದೆ.

ಬೇರೆ ಗುಂಪುಗಳನ್ನು ಮೊದಲೇ ಕೂರಿಸಿಕೊಂಡು ಮಾತಾಡಿದರು. ನೋಡಲು ಒಂದೇ ಥರದ ಎರಡು ಉಡುಪು ಎದುರಿಗಿಟ್ಟರು. ಒಂದು 1946ರದ್ದು, ಇನ್ನೊಂದು ಅದರ ಅರ್ಧ ಬೆಲೆಗೆ ಹೋದ 1947ರದ್ದು. ಅಗ್ಗದ್ದು ಯಾವುದು ಎಂದು ಯಾರಿಗೂ ಹೇಳಲಾಗಲಿಲ್ಲ. ಖರ್ಚು ಯಾಕೆ ಇಳಿಸಬೇಕು ಅನ್ನೋದು ಆಗ ಅರ್ಥವಾಯಿತು. ಕೆಲಸದ ವಿಧಾನ, ರೇಟಿನ ಲೆಕ್ಕ ಎರಡರಲ್ಲೂ ಅವರ ಮಾತು ನಡೆಯಿತು. ಪ್ರತಿನಿಧಿಗಳನ್ನಷ್ಟೇ ಸೇರಿಸಿಕೊಂಡ ಗುಂಪು ಸುಮಾರು ಎರಡು ವಾರದಲ್ಲಿ ಹದಕ್ಕೆ ಬಂತು. ಎಲ್ಲರನ್ನೂ ಸೇರಿಸಿಕೊಂಡ ಗುಂಪುಗಳು ಇನ್ನೂ ಬೇಗ ಚೇತರಿಸಿಕೊಂಡು, ಮುಂಚಿಗಿಂತ ಸುಮಾರು 14% ಹೆಚ್ಚು ಮಾಡಿದವು. ಎರಡೂವರೆ ತಿಂಗಳ ಮೇಲೆ, ಮೊದಲು ಮುನಿದ ಗುಂಪಿನಲ್ಲಿ ಉಳಿದಿದ್ದ 13 ಜನರನ್ನೂ ಹೀಗೇ ಸೇರಿಸಿಕೊಂಡು ಹೊಸ ಕೆಲಸಕ್ಕೆ ಹಾಕಿದರು. ಅವರೂ ಬೇಗ ಹದಕ್ಕೆ ಬಂದರು. ಜನ ಅವರೇ, ಕೇಳಿದ ರೀತಿ ಬೇರೆ.

ಹಾಗಂತ ಸುಮ್ನೆ ಒಂದು ಸಭೆ ಕರೆದು ಚಹಾ ಕೊಟ್ಟರೆ ಆಗಲ್ಲ. 1960ರಲ್ಲಿ ಪ್ರಕಟವಾದ ನಾರ್ವೆಯ ಶೂ ಕಾರ್ಖಾನೆಯ ಇಂಥದ್ದೇ ಪ್ರಯೋಗದಲ್ಲಿ ಉತ್ಪಾದನೆ ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ಎಷ್ಟು ಮಾಲು ಮಾಡಬೇಕು ಎಂಬ ಮುಖ್ಯ ಮಾತನ್ನು ಅಲ್ಲಿ ಕೆಲಸದವರ ಕೈಗೆ ಕೊಟ್ಟಿರಲಿಲ್ಲ.

ಆದ್ದರಿಂದ ರೇಟನ್ನೇ ಮೇಜಿನ ಮೇಲಿಡಿ. ಒಂದು ಬೆಲ್ಟ್ ಕೂರಿಸಲು ಎಷ್ಟು ಹೊತ್ತು ಬೇಕು ಅಂತ ಅವರ ಎದುರೇ, ಅವರೇ ಹೊಲಿಯುವಾಗ ಅಳೆಯಿರಿ. ಹೊಸ ಕೆಲಸಕ್ಕೆ ಕೈ ಕೂರುವ ತನಕ ಸಂಪಾದನೆ ಇಳಿಯುತ್ತದೆ. ಆ ವಾರಗಳಲ್ಲಿ ಹಳೇ ಸರಾಸರಿಯಷ್ಟು ಬಟವಾಡೆ ಕೊಡುತ್ತೇವೆ ಎಂದು ಬರೆದು ಅಂಟಿಸಿ. ಆದರೆ ದುಡ್ಡೊಂದೇ ಸಾಲದು. ಹಾರ್ವುಡ್‌ನಲ್ಲಿ ಕೆಲಸ ಬದಲಾಯಿಸಿದವರಿಗೆ ಬೋನಸ್ ಇತ್ತು, ಆದರೂ ಜನ ಬಿಟ್ಟರು.

ಇನ್ನೊಂದು ನೋವು ರೇಟಿನ ಲೆಕ್ಕಕ್ಕೆ ಸಿಗಲ್ಲ. ಪೂರ್ತಿ ಪ್ಯಾಂಟ್ ಹೊಲಿಯುವ ಟೈಲರ್‌ಗೆ ಒಂದು ಮರ್ಯಾದೆ ಇದೆ. ದಿನವಿಡೀ ಲೂಪ್ ಹಚ್ಚು ಅಂದರೆ ಅವನು ಕಲಿತ ವಿದ್ಯೆಗೆ ಬೆಲೆಯೇ ಇಲ್ಲದಂತಾಗುತ್ತದೆ. ಈ ನೋವು ನಿಜವಾದದ್ದು, ಹಟ ಅಂತ ತಳ್ಳಿಹಾಕಬೇಡಿ. ಸ್ಯಾಂಪಲ್ ಪೀಸ್ ಹೊಲಿಯೋದು, ಮಾಲಿನ ತಪಾಸಣೆ, ಹೊಸಬರಿಗೆ ಕಲಿಸೋದು, ಇವನ್ನೆಲ್ಲ ಹಳಬರಿಗೇ ವಹಿಸಿ. ಕಲಿಸಿದ್ದಕ್ಕೆ ಬೇರೆ ಕೂಲಿ ಕೊಡಿ.

ಬಳ್ಳಾರಿಯಲ್ಲಿ ಒಂದೇ ಸಾಲಿನಲ್ಲಿ ಕನ್ನಡ, ತೆಲುಗು, ಉರ್ದು ಮಾತಾಡುವವರು ಕೂತಿರುತ್ತಾರೆ. ಮೂರರಲ್ಲೂ ಮಾತಾಡಿ. ಒಂದೇ ಭಾಷೆಯ ನೋಟಿಸು ಹಚ್ಚಿದರೆ ಉಳಿದವರಿಗೆ ಸಿಗೋದು ಗಾಳಿಮಾತು.

ಕಾಯ್ದೆಯನ್ನೂ ನೋಡಿಕೊಳ್ಳಿ. ಕೂಲಿ, ಪಾಳಿಯಂಥ ಷರತ್ತು ಬದಲಿಸುವ ಮುಂಚೆ 21 ದಿನದ ನೋಟಿಸ್ ಕೊಡಬೇಕೆಂದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದೆ. ನಿಮ್ಮ ಘಟಕಕ್ಕೆ ಹೇಗೆ ಅನ್ವಯ ಆಗುತ್ತದೆಂದು ಕಾರ್ಮಿಕ ಇಲಾಖೆಯಲ್ಲಿ ಕೇಳಿ.

ಹಬ್ಬದ ಆರ್ಡರ್ ತಲೆ ಮೇಲಿದ್ದಾಗ ಮಾತ್ರ ಈ ಲೈನ್ ಬದಲಾವಣೆಯನ್ನು ಮುಂದುವರಿಸಬೇಡಿ. ಸದ್ಯಕ್ಕೆ ಒಪ್ಪಿದವರದ್ದೇ ಒಂದು ಲೈನ್ ನಡೆಸಿ, ಉಳಿದವರು ಹಳೇ ರೀತಿ ಹೊಲಿಯಲಿ. ಬಿಟ್ಟು ಹೋದವರಿಗೆ ಇವತ್ತೇ ಫೋನ್ ಮಾಡಿ. ರೇಟು ಗೊತ್ತು ಮಾಡುವ ದಿನ ಅವರೂ ಬಂದು ಕೂರಲಿ.