ಸಾರ್, ನಮ್ಮ ಶಾಲೆಗೆ ಕಂಪ್ಯೂಟರ್ ಗ್ರಾಂಟ್ ಸಿಗುತ್ತಾ?

ಪ್ರಶ್ನೆ: ನಮ್ಮದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆ. ಹೆಚ್ಚಿನ ಮಕ್ಕಳ ಅಪ್ಪ ಅಮ್ಮ ಕೂಲಿಗೆ ಹೋಗುವವರು. ಕಂಪ್ಯೂಟರ್ ಶಿಕ್ಷಣ ಶುರು ಮಾಡಬೇಕು ಅಂತಿದ್ದೇವೆ. ಯಾವ ಗ್ರಾಂಟ್‌ಗೆ ಅರ್ಜಿ ಹಾಕಬೇಕು?

ಉತ್ತರ: ಜೂನ್ ಬಂದರೆ ಮಳೆ ಬರುತ್ತೋ ಇಲ್ಲವೋ, ಈ ಪ್ರಶ್ನೆ ಮಾತ್ರ ಬಂದೇ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಬರೆದೇ ಇಡುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ಕಳಿಸಿದರಾಯಿತು.

ನಿಮ್ಮ ಶಾಲೆ ಎಷ್ಟನೇ ತರಗತಿವರೆಗೆ ಇದೆ? ಅದನ್ನೇ ಬರೆದಿಲ್ಲ ನೋಡಿ. ಸಮಗ್ರ ಶಿಕ್ಷಣ ಅನ್ನುವ ಸರ್ಕಾರಿ ಯೋಜನೆಯ ಐಸಿಟಿ ಲ್ಯಾಬ್, ಅಂದರೆ ಕಂಪ್ಯೂಟರ್ ಕೋಣೆ, ಇರುವುದು 6ರಿಂದ 12ನೇ ತರಗತಿಯವರಿಗೆ. ಅದರಲ್ಲಿ ಒಂದು ಶಾಲೆಯ ಲ್ಯಾಬ್‌ಗೆ 6.40 ಲಕ್ಷದವರೆಗೆ, ಆಮೇಲೆ ಐದು ವರ್ಷ ವರ್ಷಕ್ಕೆ 2.40 ಲಕ್ಷದವರೆಗೆ ಖರ್ಚಿಗೆ ಅವಕಾಶವಿದೆ. ಮಕ್ಕಳು ಕೈಯಾರೆ ಮಾಡಿ ಕಲಿಯಲಿ ಅಂತ ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್‌ನ 20 ಲಕ್ಷದವರೆಗಿನ ಹಣವೂ 6 ಮತ್ತು ಮೇಲಿನ ತರಗತಿಯವರಿಗೇ. ಅಂದರೆ 1ರಿಂದ 7ರ ಶಾಲೆಯಾದರೆ ಐಸಿಟಿ ಲ್ಯಾಬ್ ಬಗ್ಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ಕೇಳುವುದಕ್ಕೆ ಅರ್ಥವಿದೆ. 1ರಿಂದ 5 ಆದರೆ ಎರಡೂ ಬಾಗಿಲು ಮುಚ್ಚಿದಂತೆ.

ಉಳಿಯುವುದು ಹಳೆ ವಿದ್ಯಾರ್ಥಿಗಳು, ದಾನಿಗಳು, ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ). 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ತಾವಿರುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತಲೂ ಅದರಲ್ಲೇ ಇದೆ. ಹಾಗಾಗಿ ಬೆಂಗಳೂರಿನ ದೊಡ್ಡ ಹೆಸರುಗಳಿಗೆಲ್ಲ ಸುಮ್ನೆ ಪತ್ರ ಬರೆಯುವ ಬದಲು ನಿಮ್ಮ ತಾಲ್ಲೂಕಿನ ಫ್ಯಾಕ್ಟರಿಯನ್ನು ಮೊದಲು ಕೇಳಿ. ಆದರೆ ಹೆಡ್‌ಮಾಸ್ಟರ್ ಕೈಗೆ ಚೆಕ್ ಕೊಡುತ್ತಾರೆ ಅಂದುಕೊಳ್ಳಬೇಡಿ. ಕಂಪನಿ ತಾನೇ ಕೆಲಸ ಮಾಡಿಸುತ್ತದೆ, ಇಲ್ಲವೇ ಇಂಥ ಕೆಲಸಕ್ಕೆ ಸರ್ಕಾರದಲ್ಲಿ ಸಿಎಸ್‌ಆರ್‌-1 ಅನ್ನುವ ನೋಂದಣಿ ಇರುವ ಸಂಸ್ಥೆಯ ಮೂಲಕ ಮಾಡಿಸುತ್ತದೆ.

ಇಷ್ಟೇ ಉತ್ತರ. ಈಗ ನನ್ನ ತಲೆ ತಿನ್ನುವ ವಿಷಯಕ್ಕೆ ಬರೋಣ.

‘ಮೊದಲು ಕಂಪ್ಯೂಟರ್ ಬರಲಿ ಸಾರ್, ಕಲಿಸೋದು ಆಮೇಲೆ.’ ಈ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಪೆಟ್ಟಿಗೆ ಬಂದು ಕೂತರೆ ಶಿಕ್ಷಣವೂ ಹಿಂದೆಯೇ ಬಂದು ಕೂರುತ್ತದೆ ಅನ್ನುವ ನಂಬಿಕೆ. ಒಮ್ಮೆ ಒಂದು ಶಾಲೆಗೆ ಹೋಗಿದ್ದೆ. ದಾನಿಗಳು ಕೊಟ್ಟ ಐದು ಕಂಪ್ಯೂಟರ್, ಮೇಲೆ ಹೂವಿನ ಬಟ್ಟೆ, ಪಕ್ಕದಲ್ಲಿ ಬಿಸಿಯೂಟದ ಅಕ್ಕಿ ಮೂಟೆ. ಯುಪಿಎಸ್ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಹೊಸದಕ್ಕೆ ದುಡ್ಡು ಯಾವ ಲೆಕ್ಕದಲ್ಲಿ ಹಾಕುವುದು ಅಂತ ಯಾರಿಗೂ ಗೊತ್ತಿಲ್ಲ. ಹೆಡ್‌ಮಾಸ್ಟರ್ ಬೀಗ ತೆಗೆದು ತೋರಿಸಿ, ಮತ್ತೆ ಹಾಕಿದರು. ‘ಮಕ್ಕಳು ಮುಟ್ಟಿ ಕೆಟ್ಟುಹೋದ್ರೆ ನಾನೇ ಉತ್ತರ ಕೊಡ್ಬೇಕಲ್ವಾ?’ ಅಂದರು. ಅವರದ್ದೇನೂ ತಪ್ಪಿಲ್ಲ. ಕೊಟ್ಟವರು ಯಂತ್ರಕ್ಕೆ ಕೊಟ್ಟಿದ್ದರು. ಬ್ಯಾಟರಿಗೆ, ಕರೆಂಟ್ ಬಿಲ್‌ಗೆ, ಕಲಿಸುವವರಿಗೆ ಕೊಟ್ಟಿರಲಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಅಮೆರಿಕದಲ್ಲಿ ಬಡ ಮಕ್ಕಳು ಜಾಸ್ತಿ ಇರುವ ಕಡೆ ಜಾಸ್ತಿ ಹಣ ಕೊಡುವ ‘ಟೈಟಲ್ 4-ಎ’ ಅನ್ನುವ ಅನುದಾನವಿದೆ. ಕಂಪ್ಯೂಟರ್ ಸೈನ್ಸ್ ಕಲಿಸುವುದಕ್ಕೂ ಅದನ್ನು ಬಳಸಬಹುದು. 2015ರ ಅಲ್ಲಿನ ಕಾನೂನು ಒಂದು ಕಟ್ಟು ಹಾಕಿದೆ: ತಂತ್ರಜ್ಞಾನದ ಪಾಲಿನಲ್ಲಿ ಯಂತ್ರ, ಸಾಫ್ಟ್‌ವೇರ್ ಇತ್ಯಾದಿ ಕೊಳ್ಳುವುದಕ್ಕೆ ಶೇ. 15 ಮೀರುವ ಹಾಗಿಲ್ಲ. ಅಷ್ಟು ಶ್ರೀಮಂತ ದೇಶದವರೇ ಪೆಟ್ಟಿಗೆ ಕೊಳ್ಳುವ ಆಸೆಗೆ ಲಗಾಮು ಹಾಕಿಕೊಂಡಿದ್ದಾರೆ!

ಯಂತ್ರವಿಲ್ಲದೆ ಏನು ಕಲಿಸೋದು ಅಂತೀರಾ? ಒಂದು ಡ್ರಾಯಿಂಗ್ ಶೀಟ್ ತನ್ನಿ. ಐದು ಕಾರ್ಡ್ ಕತ್ತರಿಸಿ 16, 8, 4, 2, 1 ಚುಕ್ಕೆ ಇಡಿ. ನಾಲ್ಕನೇ ತರಗತಿಯ ಐವರನ್ನು ಅದೇ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ. ‘13 ಮಾಡಿ’ ಅನ್ನಿ. ಮೊದಲು ಗಲಾಟೆ. ಆಮೇಲೆ 8, 4, 1 ಹಿಡಿದವರು ಕಾರ್ಡ್ ತೋರಿಸುತ್ತಾರೆ, ಉಳಿದಿಬ್ಬರು ತಿರುಗಿಸುತ್ತಾರೆ. ತೋರಿಸಿದ್ದು 1, ತಿರುಗಿಸಿದ್ದು 0. ಬೋರ್ಡ್ ಮೇಲೆ 01101 ಅಂತ ಬರೆಯಿರಿ. ಕಂಪ್ಯೂಟರ್ 13ನ್ನು ಬರೆದುಕೊಳ್ಳುವುದು ಹೀಗೇ. ‘32 ಮಾಡಿ’ ಅಂದಾಗ ಒಂದು ಮಗು ‘ಇನ್ನೊಬ್ರು ಬೇಕು ಸಾರ್’ ಅನ್ನುತ್ತೆ ನೋಡಿ, ಆ ಖುಷಿಗೆ ಯಾವ ಗ್ರಾಂಟೂ ಸಮವಲ್ಲ. ಇದು ನನ್ನ ಸ್ವಂತ ಬುದ್ಧಿಯಲ್ಲ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದವರು ಬೆಳೆಸಿದ ‘ಸಿಎಸ್ ಅನ್‌ಪ್ಲಗ್ಡ್’ನಲ್ಲಿ ಇಂಥ ಪಾಠಗಳು ಉಚಿತವಾಗಿ ಸಿಗುತ್ತವೆ.

ಹೀಗೆ ನಾಲ್ಕು ತಿಂಗಳು ಕಲಿಸಿ, ಫೋಟೊ ತೆಗೆದು, ಆಮೇಲೆ ಅರ್ಜಿ ಬರೆಯಿರಿ. ಜೊತೆಗೆ ಡೈಸ್ ಕೋಡ್ (ಶಾಲೆಯ ಸರ್ಕಾರಿ ಗುರುತಿನ ಸಂಖ್ಯೆ), ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಠರಾವು ಇರಲಿ. ಮೂರು ವರ್ಷದ ಖರ್ಚು ತೋರಿಸಿ, ಬ್ಯಾಟರಿಯನ್ನೂ ಸೇರಿಸಿ.

ಇನ್ನೊಂದು. ಯಾರೂ ಕೇಳಲ್ಲ, ನಾನೇ ಹೇಳುತ್ತೇನೆ: ಕೆಟ್ಟ ಕಂಪ್ಯೂಟರ್ ಏನು ಮಾಡುವುದು? ಸ್ಟಾಕ್ ಬುಕ್‌ಗೆ ಒಮ್ಮೆ ಏರಿದರೆ ಅದು ಸುಲಭಕ್ಕೆ ಇಳಿಯುವುದಿಲ್ಲ. ವರ್ಗವಾದಾಗ ಚಾರ್ಜ್ ಕೊಡುವವರು ಎಣಿಸಿ ಕೊಡಬೇಕು, ತೆಗೆದುಕೊಳ್ಳುವವರು ಎಣಿಸಿಕೊಳ್ಳಬೇಕು. ಗುಜರಿಯವನಿಗೆ ಕೊಡುವ ಹಾಗಿಲ್ಲ, ಇ-ತ್ಯಾಜ್ಯ ನೋಂದಣಿ ಇರುವ ಮರುಬಳಕೆದಾರರಂಥವರಿಗೇ ಹೋಗಬೇಕು. ಅದಕ್ಕೇ ದಾನಿಗಳು ‘ಹಳೆಯ ಹತ್ತು ಕಂಪ್ಯೂಟರ್ ಇದೆ, ತಗೊಂಡು ಹೋಗಿ’ ಅಂದಾಗ ಕೈಮುಗಿದು ಒಂದು ಮಾತು ಕೇಳಿ: ಕೆಟ್ಟ ಮೇಲೆ ವಾಪಸ್ ತಗೊಂಡು ಹೋಗ್ತೀರಾ?